ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾತು ಇಳಿಯೋ ಕಾಲ

ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಎಲ್ಲಾ ಒಟ್ಟಿಗೆ ಹಾಕ್ಕೊಂಡು ಕೂತ್ರೆ ಅರ್ಧಕ್ಕರ್ಧ ಬಾತುಕೋಳಿ ವಿಚಾರನೇ. ಉತ್ತರೆ ಮಳೆ ಮುಗೀತು, ಹಸ್ತ ಶುರುವಾಯ್ತು, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಕೆರೆಗೆ ಹೊರಗಿನ ಬಾತುಗಳು ಇಳಿಯೋ ಟೈಮು, ಅದಕ್ಕೇ ಇರಬೇಕು. ಕೋಲಾರದ ಒಬ್ಬ ತಾಯಿ ಕೇಳಿರೋ ಪ್ರಶ್ನೆ ಮಾತ್ರ ಏಳು ಸಮುದ್ರದ ಆಚೆಯದು. ಅದರಿಂದಾನೇ ಶುರು ಮಾಡೋಣ, ಯಾಕಂದ್ರೆ ಉಳಿದ ಪ್ರಶ್ನೆಗಳಿಗೆ ಬೇಕಾದ ಸುಮಾರು ಸರಕು ಅಲ್ಲೇ ಇದೆ.

ಮಗ ಇಂಗ್ಲೆಂಡಿನ ಕರಾವಳಿ ಕಡೆ ಊರಲ್ಲಿ ಕೆಲಸದಲ್ಲಿದಾನೆ. ಸೆಪ್ಟೆಂಬರ್ ಮೊದಲನೇ ವಾರ ಪಕ್ಕದ ಮನೆ ಯಜಮಾನ್ರ ಜೊತೆ ಬೆಳಗಿನ ಜಾವ ಸಮುದ್ರದ ಪಕ್ಕದ ಜೌಗಿಗೆ ಹೋಗಿ ಬಾತು ಬೇಟೆ ನೋಡ್ಕೊಂಡು ಬಂದೆ ಅಂತ ಫೋಟೋ ಕಳಿಸಿದಾನೆ. ಮುಂದಿನ ವರ್ಷ ನಾನೂ ಕೋವಿ ಹಿಡೀತೀನಿ ಅಂತಾನೆ. ನಮ್ಮ ಮನೆಯವರು ಫೋನಲ್ಲೇ ಬೈದ್ರು. ಅಲ್ಲಿ ಅದು ಅಪರಾಧ ಅಲ್ವಾ? ಅಪಾಯ ಏನಾದ್ರೂ ಇದೆಯಾ? (ಗೃಹಿಣಿ, ಕೋಲಾರ)

ಅಮ್ಮಾ, ಕೇಸು ಗೀಸು ಅಂತ ಹೆದರಬೇಡಿ, ನಿಯಮದ ಒಳಗಿದ್ರೆ ಅಲ್ಲಿ ಅದು ಅಪರಾಧ ಅಲ್ಲ. ಬ್ರಿಟನ್ನಲ್ಲಿ ಕಾಡು ಬಾತು ಬೇಟೆಗೆ ಸೆಪ್ಟೆಂಬರ್ 1ರಿಂದ ಜನವರಿ 31ರವರೆಗೆ ಸೀಸನ್ನು. ಸಮುದ್ರದ ದಡದಲ್ಲಿ, ಅಂದ್ರೆ ದೊಡ್ಡ ಉಬ್ಬರದ ನೀರು ಎಲ್ಲಿವರೆಗೂ ಬರುತ್ತೋ ಆ ಗೆರೆಯಿಂದ ಕೆಳಗೆ, ಫೆಬ್ರವರಿ 20ರವರೆಗೂ ಬಿಟ್ಟಿದಾರೆ. ಉಳಿದ ತಿಂಗಳು ಮೊಟ್ಟೆ ಮರಿ ಕಾಲ, ಕೈ ಹಾಕೋ ಹಂಗಿಲ್ಲ. ಯಾವ ಬಾತು ಬೇಕಾದ್ರೂ ಹೊಡೀಬಹುದು ಅಂತಾನೂ ಇಲ್ಲ, ಅಲ್ಲಿನ 1981ರ ವನ್ಯಜೀವಿ ಕಾಯ್ದೆಯಲ್ಲಿ ಪಟ್ಟಿನೇ ಇದೆ. ಮಲ್ಲಾರ್ಡ್, ಟೀಲ್, ವಿಜನ್, ಪಿನ್‌ಟೇಲ್ ಇಂಥವು ಪಟ್ಟಿಲಿವೆ, ಅದೇ ಕೆಸರಲ್ಲಿ ಓಡಾಡೋ ಶೆಲ್‌ಡಕ್ ಅನ್ನೋ ದೊಡ್ಡ ಬಾತು ಪಟ್ಟಿಲಿಲ್ಲ, ಅದಕ್ಕೆ ಗುಂಡು ಬಿದ್ರೆ ಕೇಸೇ. ಕೋವಿಗೆ ಪೊಲೀಸರ ಸರ್ಟಿಫಿಕೇಟ್ ಬೇಕು. ಇಂಗ್ಲೆಂಡಲ್ಲಿ ದಡದ ಜಾಗ ಸುಮಾರು ರಾಜಮನೆತನದ ಹೆಸರಿನ ಆಸ್ತಿ, ಅದನ್ನ ಬೇಟೆ ಕ್ಲಬ್ಬುಗಳು ಲೀಸಿಗೆ ತಗೊಂಡು ಮೆಂಬರುಗಳಿಗೆ ಪರ್ಮಿಟ್ ಕೊಡ್ತವೆ, ಯಾರು ಎಷ್ಟು ಹೊಡೀಬಹುದು, ಯಾವ ಭಾಗಕ್ಕೆ ಕಾಲೇ ಇಡಬಾರದು ಅಂತ ಕ್ಲಬ್ಬಿನ ಕಟ್ಟುಪಾಡು ಬೇರೆ. ಇವರದೆಲ್ಲಾ ಸೇರಿ ಒಂದು ದೊಡ್ಡ ಸಂಘ 1908ರಲ್ಲೇ ಹುಟ್ಟಿದೆ.

ಈಗ ಅಪಾಯದ ಮಾತು. ಇದನ್ನ ನಿಮ್ಮ ಮಗನಿಗೆ ಓದಿ ಹೇಳಿ. ಅಲ್ಲಿ ಜನ ಸಾಯೋದು ಕೋವಿಯಿಂದ ಅಷ್ಟಾಗಿ ಅಲ್ಲ, ನೀರಿಂದ. ಉಪ್ಪುನೀರಿನ ಜೌಗು ದೂರದಿಂದ ನೋಡಿದ್ರೆ ನಮ್ಮ ಕೆರೆ ಅಂಗಳದ ಹಂಗೇ ಚಪ್ಪಟೆ, ಹುಲ್ಲು ಹುಲ್ಲು. ಒಳಗೆ ಹೋದ್ರೆ ಹಾವು ಹರಿದಂಗೆ ಅಂಕುಡೊಂಕಾಗಿ ಕಾಲುವೆಗಳು, ಆಳು ಮುಳುಗೋಷ್ಟು ಆಳ ಇರೋವೂ ಉಂಟು, ತಳದಲ್ಲಿ ಮೊಣಕಾಲುದ್ದ ಕೆಸರು. ಉಬ್ಬರ ಬರೋವಾಗ ನೀರು ಸಿನಿಮಾದಲ್ಲಿ ತೋರಿಸೋ ತರ ಮುಂದಿಂದ ಅಲೆಯಾಗಿ ಬರಲ್ಲ, ಸದ್ದಿಲ್ಲದೆ ಈ ಕಾಲುವೆಗಳಲ್ಲಿ ಏರ್ತಾ ಬರುತ್ತೆ. ನೀವು ಮುಂದೆ ಸಮುದ್ರ ನೋಡ್ಕೊಂಡು ಒಣ ನೆಲದ ಮೇಲೆ ಆರಾಮಾಗಿ ಕೂತಿರ್ತೀರ, ಅಷ್ಟೊತ್ತಿಗೆ ಹಿಂದೆ ನೀವು ದಾಟಿ ಬಂದ ಕಾಲುವೆ ತುಂಬಿ ವಾಪಸ್ ದಾರಿ ಕಟ್ಟಾಗಿರುತ್ತೆ. ಜೊತೆಗೆ ಮಂಜು ಇಳಿದ್ರಂತೂ ದಡ ಯಾವ ಕಡೆ ಅಂತಾನೇ ತಿಳಿಯಲ್ಲ. ಇಂಗ್ಲೆಂಡಿನ ಮೋರ್ಕಾಂಬ್ ಕೊಲ್ಲಿಲಿ 2004ರ ಫೆಬ್ರವರಿ ರಾತ್ರಿ ಚಿಪ್ಪು ಆರಿಸೋಕೆ ಹೋಗಿದ್ದ ಚೀನೀ ಕೂಲಿಗಳು 20ಕ್ಕೂ ಹೆಚ್ಚು ಜನ ಹಿಂಗೇ ಉಬ್ಬರಕ್ಕೆ ಸಿಕ್ಕಿ ತೀರ್ಕೊಂಡ್ರು. ಅದಕ್ಕೇ ಅಲ್ಲಿನ ಹಳಬರು ಕೋವಿಗಿಂತ ಮೊದಲು ಜೇಬಿಗೆ ಹಾಕ್ಕೊಳ್ಳೋದು ಉಬ್ಬರದ ಟೈಮ್ ಟೇಬಲ್ಲು, ದಿಕ್ಸೂಚಿ, ವಾಚು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದ್ರೆ ದಿನಾ ಹೊತ್ತು ಮುಂದಕ್ಕೆ ಹೋಗುತ್ತೆ, ನಿನ್ನೆ ಏಳಕ್ಕೆ ಬಂದಿದ್ದು ಇವತ್ತೂ ಏಳಕ್ಕೇ ಬರುತ್ತೆ ಅನ್ನೋ ಲೆಕ್ಕ ನಡೆಯಲ್ಲ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ನೀರು ಇನ್ನೂ ಮೇಲೆ ಏರುತ್ತೆ.

ಇನ್ನು ಬೇಟೆ ನಡೆಯೋ ಕ್ರಮ. ಬಾತುಗಳು ಹಗಲೆಲ್ಲಾ ಯಾರ ಕಾಟಾನೂ ಇಲ್ಲದ ಸಮುದ್ರದ ನೀರಲ್ಲೋ ಕೆಸರು ಬಯಲಲ್ಲೋ ಕೂತು ನಿದ್ದೆ ಮಾಡ್ತವೆ, ಕತ್ತಲಾಗ್ತಿದ್ದಂಗೆ ಮೇವಿಗೆ ಒಳನಾಡಿಗೆ ಹಾರ್ತವೆ, ಬೆಳಗಿನ ಜಾವ ವಾಪಸ್ ಬರ್ತವೆ. ಸೆಪ್ಟೆಂಬರಲ್ಲಿ ಅಲ್ಲಿ ಬಾರ್ಲಿ, ಗೋಧಿ ಕೊಯ್ಲಾಗಿ ಹೊಲದಲ್ಲಿ ಕಾಳು ಉದುರಿರುತ್ತೆ, ಮಲ್ಲಾರ್ಡುಗಳಿಗೆ ಹಬ್ಬ. ಈ ಹೋಗಿ ಬರೋ ದಾರಿಲಿ ಕಾಲುವೆ ಒಳಗೆ ತಲೆ ಬಗ್ಗಿಸಿ ಕೂರೋದೇ ಇವರ ಕೆಲಸ. ಹಾರ್ತಿರೋ ಹಕ್ಕಿ 35-40 ಗಜದ ಒಳಗೆ ಬಂದ್ರೆ ಮಾತ್ರ ಹೊಡಿ ಅಂತ ಹೇಳಿಕೊಡ್ತಾರೆ, ಅದಕ್ಕಿಂತ ದೂರ ಆದ್ರೆ ಗಾಯ ಆಗಿ ಹೋಗುತ್ತೆ, ಸಾಯಲ್ಲ, ಸಿಗೋದೂ ಇಲ್ಲ. ಜೊತೆಗೆ ಲ್ಯಾಬ್ರಡಾರ್ ತರದ ನಾಯಿ ಇರಲೇಬೇಕು, ಸೀಸನ್ ಶುರುವಲ್ಲಿ ಹುಲ್ಲು ಇನ್ನೂ ಎದೆಯುದ್ದ ಇರುತ್ತೆ, ಬಿದ್ದ ಹಕ್ಕಿ ಮನುಷ್ಯನ ಕಣ್ಣಿಗೆ ಸಿಗೋದು ಕಷ್ಟ. ನಿಮ್ಮ ಮಗನ ಫೋಟೋದಲ್ಲಿ ಟೀ ಶರ್ಟಲ್ಲಿ ನಿಂತಿದಾನಲ್ಲ, ಅದೂ ಸೀಸನ್ ಶುರು ಅನ್ನೋ ಕಾರಣಕ್ಕೆ. ಡಿಸೆಂಬರಲ್ಲಿ ಕರೀರಿ, ಹೋಗ್ತಾನೋ ಇಲ್ವೋ ನೋಡೋಣ.

ಮನೆಯವರು ಬೈದಿದ್ದು ಸರೀನಾ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಕೊಲ್ಲೋದು ನನಗೂ ಹಿಡಿಸಲ್ಲ. ಆದ್ರೆ ಪೀಟರ್ ಸ್ಕಾಟ್ ಅಂತ ಒಬ್ಬರು ಹರೆಯದಲ್ಲಿ ಇದೇ ಜೌಗುಗಳಲ್ಲಿ ಬಾತು, ಹೆಬ್ಬಾತು ಹೊಡ್ಕೊಂಡು ಓಡಾಡಿದವರು, ಆಮೇಲೆ 1946ರಲ್ಲಿ ಇಂಗ್ಲೆಂಡಿನ ಸ್ಲಿಂಬ್ರಿಜ್‌ನಲ್ಲಿ ನೀರುಹಕ್ಕಿಗಳಿಗೆ ಅಂತಾನೇ ಒಂದು ಸಂಸ್ಥೆ ಕಟ್ಟಿದ್ರು, ಕೋವಿನೂ ಬಿಟ್ರು. ನಮ್ಮ ಸಲೀಂ ಅಲಿಯವರಿಗೂ ಹಕ್ಕಿ ಹುಚ್ಚು ಹತ್ತಿದ್ದು ಹುಡುಗನಾಗಿದ್ದಾಗ ಏರ್‌ಗನ್ನಲ್ಲಿ ಹೊಡೆದ ಒಂದು ಗುಬ್ಬಚ್ಚಿಯಿಂದ. ನಿಮ್ಮ ಮಗನ ಕೈಗೆ ಕೋವಿಗಿಂತ ಮೊದಲು ಒಂದು ಬೈನಾಕ್ಯುಲರ್ ಕೊಡ್ಸಿ, ಮುಂದಿನ ಪ್ರಶ್ನೆ ಓದಿದ್ರೆ ಯಾಕೆ ಅಂತ ಗೊತ್ತಾಗುತ್ತೆ.

ಮೈದಾಳ ಕೆರೆಗೆ ಅಕ್ಟೋಬರ್ ಶುರುವಲ್ಲಿ ಹೋದ್ರೆ ಎಲ್ಲಾ ಬಾತೂ ಒಂದೇ ತರ ಕಂದು ಕಂದು ಕಾಣ್ತವೆ. ಪುಸ್ತಕದಲ್ಲಿ ಇರೋ ಬಣ್ಣ ಒಂದಕ್ಕೂ ಇಲ್ಲ. ಬರೋದೆಲ್ಲಾ ಹೆಣ್ಣೇನಾ? (ಡಿಗ್ರಿ ವಿದ್ಯಾರ್ಥಿ, ತುಮಕೂರು)

ಒಳ್ಳೇ ಪ್ರಶ್ನೆ ತಮ್ಮಾ. ಹೆಣ್ಣಲ್ಲ, ಅವುಗಳಲ್ಲಿ ಗಂಡೂ ಇದಾವೆ, ವೇಷ ಕಳಚಿ ಕೂತಿದಾವೆ ಅಷ್ಟೆ. ಉತ್ತರದ ಬಾತುಗಳ ಗಂಡು ಬಣ್ಣ ಹಾಕ್ಕೊಳ್ಳೋದು ಜೋಡಿ ಹುಡುಕೋಕೆ. ಹೆಣ್ಣು ಮೊಟ್ಟೆ ಇಟ್ಟು ಕಾವು ಕೂತ ಮೇಲೆ ಗಂಡಿಗೆ ಆ ಬಣ್ಣದ ಕೆಲಸ ಮುಗೀತು, ಬೇಸಿಗೆಯಲ್ಲಿ ಪುಕ್ಕ ಉದುರಿಸಿ ಹೆಣ್ಣಿನ ತರಾನೇ ಮಾಸಲು ಕಂದು ಪುಕ್ಕ ತೊಡ್ಕೊಳ್ಳುತ್ತೆ. ಅದೇ ಹೊತ್ತಲ್ಲಿ ರೆಕ್ಕೆಯ ಹಾರೋ ಗರಿಗಳೂ ಒಂದೇ ಸಲ ಉದುರ್ತವೆ. ಕಾಗೆ, ಗಿಡುಗಕ್ಕೆ ಒಂದೊಂದಾಗಿ ಉದುರಿ ಹುಟ್ಟುತ್ತೆ, ಹಾರಾಟ ನಿಲ್ಲಲ್ಲ, ಬಾತಿಗೆ ಹಂಗಲ್ಲ, ಮೂರು ನಾಲ್ಕು ವಾರ ಹಾರೋಕೇ ಆಗಲ್ಲ. ಅಂಥ ಟೈಮಲ್ಲಿ ಬಣ್ಣ ಬಣ್ಣವಾಗಿ ಮಿಂಚ್ಕೊಂಡು ಕೂತ್ರೆ ನರಿ ಬಾಯಿಗೆ ತುತ್ತು, ಅದಕ್ಕೇ ಈ ಮಾಸಲು ವೇಷ. ಗರಿ ಬಂದ ಮೇಲೆ ನಮ್ಮ ಕಡೆ ಹೊರಡ್ತವೆ, ಆದ್ರೆ ಮೈಬಣ್ಣ ತಿರುಗಿ ತುಂಬೋಕೆ ಇನ್ನೂ ಟೈಮ್ ಬೇಕು. ಬಿಳಿಹುಬ್ಬಿನ ಬಾತಿಗಂತೂ, ಅದೇ ಗಾರ್ಗೆನಿ, ಎಲ್ಲಕ್ಕಿಂತ ಮೊದಲು ಬರೋ ಗಿರಾಕಿ ಅದು, ಆ ಬಿಳಿ ಹುಬ್ಬು ಸರಿಯಾಗಿ ಮೂಡೋದು ಚಳಿಗಾಲ ಅರ್ಧ ದಾಟಿದ ಮೇಲೆನೇ.

ಹಂಗಾದ್ರೆ ಗುರುತು ಹಿಡಿಯೋದು ಹೆಂಗೆ? ಮೈ ಬಿಟ್ಟು ಕೊಕ್ಕು ನೋಡಿ, ರೆಕ್ಕೆ ನೋಡಿ. ಇವೆರಡು ಅಷ್ಟಾಗಿ ಸುಳ್ಳು ಹೇಳಲ್ಲ. ಕೊಕ್ಕು ತುದಿಲಿ ಅಗಲವಾಗಿ ಸೌಟಿನ ತರ ಇದ್ರೆ ಶವಲರ್, ಕತ್ತಲಲ್ಲೂ ತಪ್ಪಲ್ಲ. ಉದ್ದ ಸಪೂರ ಕತ್ತು, ಬೂದು ಕೊಕ್ಕು, ಹಿಂದೆ ಚೂಪು ಬಾಲ ಇದ್ರೆ ಸೂಜಿಬಾಲದ ಬಾತು, ಪಿನ್‌ಟೇಲ್. ಚಿಕ್ಕ ಬಾತು, ಹಾರಿದಾಗ ರೆಕ್ಕೆ ಮುಂಭಾಗ ತಿಳಿ ನೀಲಿ ಬೂದು ಕಂಡ್ರೆ ಗಂಡು ಗಾರ್ಗೆನಿ. ಅದೇ ಗಾತ್ರ, ಆದ್ರೆ ರೆಕ್ಕೆ ಮುಂಭಾಗ ಕಂದು, ಹಿಂದುಗಡೆ ಹಸಿರು ಪಟ್ಟಿ ಫಳ್ ಅಂತ ಹೊಳೆದ್ರೆ ಕಾಮನ್ ಟೀಲ್. ಇವೆಲ್ಲದರ ಮಧ್ಯೆ ವರ್ಷವಿಡೀ ನಮ್ಮಲ್ಲೇ ಇರೋ ಸ್ಪಾಟ್ ಬಿಲ್ ಬಾತು ಒಂದಿದೆ, ಅದರ ಮುಖಾನ ಒಂದು ಸಲ ಹತ್ತಿರದಿಂದ ನೋಡಿಬಿಡಿ. ಕಪ್ಪು ಕೊಕ್ಕು, ತುದಿಗೆ ಅರಿಶಿನ ಅದ್ದಿದಂಗೆ ಹಳದಿ, ಬುಡದಲ್ಲಿ ಎರಡೂ ಕಡೆ ಕುಂಕುಮದ ಚುಕ್ಕೆ, ಕೂತಾಗ ಬೆನ್ನಿನ ಪಕ್ಕದಲ್ಲಿ ಬಿಳಿ ಗರಿ. ಗಂಡು ಹೆಣ್ಣು ಎರಡೂ ಹೆಚ್ಚು ಕಮ್ಮಿ ಒಂದೇ ತರ, ಇವಕ್ಕೆ ವೇಷ ಬದಲಿಸೋ ರಗಳೆ ಇಲ್ಲ. ಅದನ್ನ ಅಳತೆಗೋಲು ಮಾಡ್ಕೊಂಡು ಬೇರೆಯವು ಅದಕ್ಕಿಂತ ಚಿಕ್ಕವಾ ದೊಡ್ಡವಾ ಅಂತ ನೋಡ್ತಾ ಹೋದ್ರೆ ಅರ್ಧ ಕೆಲಸ ಮುಗೀತು.

ಕೋಲಾರದ ಅಮ್ಮನಿಗೆ ಹೇಳ್ತಿದ್ದೆನಲ್ಲ, ಇಂಗ್ಲೆಂಡಲ್ಲಿ ಸೆಪ್ಟೆಂಬರ್ ಬೇಟೆಗೆ ಹೋಗೋರಿಗೂ ತಲೆನೋವು ಇದೇ. ಸೀಸನ್ ಶುರುವಲ್ಲೇ ಬಾತುಗಳ ಗುರುತು ಅತಿ ಕಷ್ಟ, ಬೆಳಕೂ ಕಮ್ಮಿ, ತಲೆ ಮೇಲೆ ಹಾರ್ಕೊಂಡು ಹೋಗೋದು ಒಂದೆರಡು ಸೆಕೆಂಡು. ಅದರಲ್ಲಿ ಪಟ್ಟಿಲಿರೋದು ಯಾವುದು ಇಲ್ಲದ್ದು ಯಾವುದು ಹೇಳಬೇಕು. ಮಲ್ಲಾರ್ಡ್ ಗಂಡಿಗೆ ಆಗಲೂ ಕೊಕ್ಕು ಹಳದಿ ಹಸಿರಾಗೇ ಇರುತ್ತೆ, ಹೆಣ್ಣಿಗೆ ಕಿತ್ತಳೆ ಕಂದು, ಟೀಲ್ ದಂಡು ಗಕ್ಕನೆ ತಿರುಗುತ್ತೆ, ವಿಜನ್ ಸಿಳ್ಳೆ ಹಾಕುತ್ತೆ, ಇಂಥದ್ದೆಲ್ಲಾ ಬಾಯಿಪಾಠ ಆಗಿರಬೇಕು. ವಿಜನ್ ದೊಡ್ಡ ದಂಡು ಐಸ್‌ಲ್ಯಾಂಡ್, ಸ್ಕ್ಯಾಂಡಿನೇವಿಯಾ, ರಷ್ಯಾ ಕಡೆಯಿಂದ ಇಳಿಯೋದು ಅಕ್ಟೋಬರ್ ಮೇಲೆ, ಹಂಗಾಗಿ ಮೊದಲ ವಾರಗಳಲ್ಲಿ ಸಿಗೋದು ಬಹುತೇಕ ಅಲ್ಲೇ ಹುಟ್ಟಿದ ಮಲ್ಲಾರ್ಡು, ಸ್ವಲ್ಪ ಟೀಲು. ಯಾವುದು ಅಂತ ಗೊತ್ತಾಗದಿದ್ರೆ ಕೋವಿ ಎತ್ತಬಾರದು, ಅಷ್ಟೆ. ನನ್ನ ಕೇಳಿದ್ರೆ ಆ ಇಡೀ ಆಟದಲ್ಲಿ ಮರ್ಯಾದೆ ಕೊಡಬೇಕಾದ ವಿದ್ಯೆ ಅದೊಂದೇ.

ನಮ್ಮ ತಾತನ ಕಾಲದ ಡಬಲ್ ಬ್ಯಾರಲ್ ಕೋವಿ ಐತೆ, ಲೈಸೆನ್ಸು ರಿನ್ಯೂವಲ್ ಮಾಡ್ಸೀವಿ. ಕೆರೆಗೆ ಬಾತು ರಾಶಿ ಬಿದ್ದವೆ. ತಾತ ಹೊಡೀತಿದ್ರಂತೆ, ಈಗ ಒಂದೆರಡು ಹೊಡದ್ರೆ ಏನ್ ಆಗ್ತದೆ? ಫಾರಿನ್ನಲ್ಲಿ ಹೊಡೀತಾರಲ್ಲ. (ರೈತರು, ಪಾವಗಡ ತಾಲ್ಲೂಕು)

ಅಣ್ಣಾ, ಆಗೋದನ್ನ ನೇರವಾಗೇ ಹೇಳಿಬಿಡ್ತೀನಿ. ಕೋವಿ ಲೈಸೆನ್ಸು ಕೋವಿ ಇಟ್ಕೊಳ್ಳೋಕೆ, ಹಕ್ಕಿ ಹೊಡೆಯೋಕಲ್ಲ. ತಾತನ ಮಾತು ಸುಳ್ಳಲ್ಲ, ಅವರ ಕಾಲದಲ್ಲಿ ನಡೀತಿತ್ತು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿ ಪಕ್ಷಿಗೆ ಲೈಸೆನ್ಸ್ ಮೇಲೆ ಬೇಟೆ ಅವಕಾಶ ಉಳಿಸಿದ್ರು. 1991ರ ತಿದ್ದುಪಡಿಯಲ್ಲಿ ಆ ಬಾಗಿಲೂ ಮುಚ್ಚಿದ್ರು. ಆಮೇಲೆ 2022ರಲ್ಲಿ ಇನ್ನೊಂದು ತಿದ್ದುಪಡಿ, ಅದು 2023ರ ಏಪ್ರಿಲ್ 1ರಿಂದ ಜಾರಿ, ಪಟ್ಟಿಗಳನ್ನ ಹೊಸದಾಗಿ ಬರೆದ್ರು, ದಂಡ ಏರಿಸಿದ್ರು. ಈಗ ಸಾಮಾನ್ಯ ಕಾಡುಬಾತು ಹೊಡೆದು ಸಿಕ್ಕಿಬಿದ್ರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾಯ್ದೆಯ ಮೊದಲನೇ ಪಟ್ಟಿಯ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಹಕ್ಕಿ ಆದ್ರೆ ಕನಿಷ್ಠಾನೇ 3 ವರ್ಷ, 7 ವರ್ಷದವರೆಗೂ ಹೋಗುತ್ತೆ. ನಿಮಗೆ ಮುಖ್ಯವಾದ ಮಾತು ಇನ್ನೊಂದಿದೆ, ತಪ್ಪು ಸಾಬೀತಾದ್ರೆ ಕೋವಿ ಲೈಸೆನ್ಸು ರದ್ದು ಮಾಡಿ ಅಂತ ಕೋರ್ಟು ಹೇಳಬಹುದು, ಐದು ವರ್ಷ ಹೊಸದೂ ಸಿಗಲ್ಲ. ತಾತನ ಕೋವಿ, ನೀವು ಹೋದ ಬೈಕು ಎರಡೂ ಸರ್ಕಾರದ ಪಾಲು. ಎರಡು ಬಾತಿಗೆ ಇಷ್ಟೆಲ್ಲಾ ಬೇಕಾ?

ಹೊಡೆದ್ರೆ ಮಾತ್ರ ಬೇಟೆ ಅಂತ ಅಲ್ಲ, ಉರುಲು ಇಡೋದು, ಬಲೆ ಬಿಡೋದು, ವಿಷ ಹಾಕೋದು, ಅಟ್ಟಿಸ್ಕೊಂಡು ಹೋಗೋದು, ಗೂಡು ಕೆಡಿಸೋದು, ಮೊಟ್ಟೆ ಎತ್ತೋದು ಎಲ್ಲಾ ಕಾನೂನಿನ ಲೆಕ್ಕದಲ್ಲಿ ಬೇಟೆನೇ. ಸಂತೆ ಹಿಂದುಗಡೆ ಗೋಣಿಚೀಲದಲ್ಲಿ ತಂದು ಮಾರ್ತಾರಲ್ಲ, ಅದನ್ನ ಕೊಂಡೋರೂ ಸಿಕ್ಕಿಹಾಕ್ಕೊಳ್ತಾರೆ. ಅಂಥದ್ದು ಕಂಡ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಫಾರಿನ್ ಕತೆ ಬೇರೆ ಅಣ್ಣ. ಅಲ್ಲಿ ಸೆಪ್ಟೆಂಬರ್ ಹೊತ್ತಿಗೆ ಮರಿ ಬೆಳೆದು ಹಾರಿರ್ತವೆ, ಅದಕ್ಕೆ ಆ ತಾರೀಖು. ನಮ್ಮಲ್ಲಿ ಅದೇ ಸೆಪ್ಟೆಂಬರಲ್ಲಿ ಮಳೆ ಬಂದು ಕೆರೆಗೆ ನೀರು ಬಂತು ಅಂದ್ರೆ ಸ್ಪಾಟ್ ಬಿಲ್ಲು ಜೊಂಡಿನ ಮರೆಯಲ್ಲಿ ಆಗ ಮೊಟ್ಟೆ ಇಟ್ಟಿರುತ್ತೆ, ಸಿಳ್ಳೆ ಬಾತು ಮರದ ಪೊಟರೆಯಲ್ಲಿ ಸಂಸಾರ ಹೂಡಿರುತ್ತೆ. ನೀವು ಹೊಡೆಯೋ ಹಕ್ಕಿ ಸೈಬೀರಿಯಾದ್ದೋ ನಿಮ್ಮೂರ ಬಾಣಂತಿಯೋ ಅನ್ನೋದು ಕೋವಿ ಹಿಡಿದು ಕೂತೋನಿಗೆ ತಿಳಿಯಲ್ಲ. ಕೋವಿಗೆ ಆಯುಧಪೂಜೆ ದಿನ ಎಣ್ಣೆ ಒರೆಸಿ, ಕುಂಕುಮ ಇಟ್ಟು, ಬೀಗ ಹಾಕಿ ಒಳಗೆ ಇಡಿ.

ಸಾಕಿದ ಬಾತು ತಿಂದ್ರೂ ಕೇಸಾ? (ಗೌರಿಬಿದನೂರು)

ಇಲ್ಲ ಸಾರ್. ಸಾಕು ಬಾತು ಕೋಳಿ ಲೆಕ್ಕಾನೇ, ಸಾಕಿ, ಮಾರಿ, ತಿನ್ನಿ. ಸಾಕೋ ಆಸೆ ಇದ್ರೆ ಬೆಂಗಳೂರು ಪಕ್ಕದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ, ಬಾತು ಸಾಕಣೆ ಬಗ್ಗೆ ಅಲ್ಲಿ ವಿಚಾರಿಸಿ, ಮೊಟ್ಟೆಗೆ ಅಂದ್ರೆ ಖಾಕಿ ಕ್ಯಾಂಬೆಲ್ ತಳಿ ಹೆಸರುವಾಸಿ. ಆದ್ರೆ ಕೆರೆಯಿಂದ ಮರಿ ಹಿಡ್ಕೊಂಡು ಬಂದು ಸಾಕಿದೀನಿ ಅಂತ ಮಾತ್ರ ಹೇಳಬೇಡಿ.

ವಿದೇಶದಲ್ಲಿ ಬಾತು ಬೇಟೆಗೆ ಸೀಸದ ಗುಂಡು ಬ್ಯಾನ್ ಅಂತ ಎಲ್ಲೋ ಓದಿದೆ. ಸಾಯೋ ಹಕ್ಕಿಗೆ ಸೀಸ ಆದ್ರೇನು ಕಬ್ಬಿಣ ಆದ್ರೇನು? (ನಿವೃತ್ತ ನೌಕರರು, ಚಿಂತಾಮಣಿ)

ನಗು ಬಂತು ಸಾರ್, ಆದ್ರೆ ಬ್ಯಾನ್ ಮಾಡಿದ್ದು ಸಾಯೋ ಹಕ್ಕಿಗೋಸ್ಕರ ಅಲ್ಲ, ಉಳಿಯೋ ಹಕ್ಕಿಗೆ. ಬಾತು ಬೇಟೆಯ ಒಂದು ತೋಟಾದಲ್ಲಿ ಸಾಸಿವೆ, ಮೆಣಸಿನ ಗಾತ್ರದ ಗುಂಡು ನೂರಾರು ಇರ್ತವೆ, ಹಕ್ಕಿಗೆ ತಗಲೋದು ಎಲ್ಲೋ ನಾಲ್ಕೈದು. ಮಿಕ್ಕಿದ್ದೆಲ್ಲಾ ಜೌಗಿನ ಕೆಸರಿಗೆ. ಬಾತಿಗೆ ಹಲ್ಲಿಲ್ಲ, ಕಾಳು ಅರೆಯೋಕೆ ಸಣ್ಣ ಸಣ್ಣ ಕಲ್ಲು ನುಂಗಿ ಹೊಟ್ಟೆಯ ಗಟ್ಟಿ ಚೀಲದಲ್ಲಿ ಇಟ್ಕೊಂಡಿರುತ್ತೆ, ಕೋಳಿ ಕುಯ್ದಾಗ ಕಲ್ಲುಗುಂಡಿಗೆ ಒಳಗೆ ಹರಳು ಸಿಗುತ್ತಲ್ಲ, ಅದೇ. ಕೆಸರಲ್ಲಿ ಹುಡುಕೋವಾಗ ಈ ಸೀಸದ ಗುಂಡು ಕಲ್ಲೋ ಬೀಜವೋ ಅಂತ ನುಂಗಿಬಿಡುತ್ತೆ. ಒಳಗೆ ಅದು ಅರೆದು ಅರೆದು ರಕ್ತಕ್ಕೆ ಸೇರುತ್ತೆ, ರೆಕ್ಕೆ ಜೋಲು ಬೀಳುತ್ತೆ, ಮೇವು ಮುಂದಕ್ಕೆ ಹೋಗಲ್ಲ, ಕೃಶವಾಗಿ ಜೊಂಡಿನ ಸಂದೀಲಿ ಸಾಯುತ್ತೆ. ಯಾರ ಕಣ್ಣಿಗೂ ಬೀಳಲ್ಲ, ಅದಕ್ಕೇ ಎಷ್ಟೋ ವರ್ಷ ಜನ ನಂಬಲಿಲ್ಲ. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿ ಬೇಟೆಗೆ ದೇಶದಾದ್ಯಂತ ಸೀಸ ಬಂದ್, ಇಂಗ್ಲೆಂಡಲ್ಲಿ 1999ರಿಂದ, ಯುರೋಪಿಯನ್ ಯೂನಿಯನ್ ಜೌಗು ಪ್ರದೇಶಗಳಿಗೆಲ್ಲಾ 2023ರ ಫೆಬ್ರವರಿಯಿಂದ. ಅದರ ಬದಲು ಉಕ್ಕು, ಬಿಸ್ಮತ್ ಗುಂಡು ಬಳಸ್ತಾರೆ. ಉಕ್ಕು ಸೀಸಕ್ಕಿಂತ ಹಗುರ, ದೂರ ಹೋಗ್ತಾ ಬೇಗ ಜೋರು ಕಳ್ಕೊಳ್ಳುತ್ತೆ, ಹತ್ತಿರ ಬಂದ್ಮೇಲೇ ಹೊಡಿ ಅನ್ನೋದಕ್ಕೆ ಅದೂ ಒಂದು ಕಾರಣ. ಕಳ್ಳತನದಲ್ಲಿ ನಾಡಕೋವಿ ಸಿಡಿಸೋರಿಗೆ ಈ ಗೊಡವೆ ಎಲ್ಲಿ, ಸೀಸ ನಮ್ಮ ಕೆರೆ ಗೋಡಲ್ಲೇ ಉಳಿಯುತ್ತೆ.

ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮ ಕೆರೆ ವರ್ಷಪೂರ್ತಿ ತುಂಬಿರುತ್ತೆ. ಆದ್ರೂ ಹಿಂದೆ ಕಾಣ್ತಿದ್ದಷ್ಟು ಬಾತು ಕಾಣಲ್ಲ. ನೀರು ಕೆಟ್ಟಿದೆ ಅಂತಾನಾ? (ಅಂಗಡಿ ಮಾಲೀಕರು, ಕೋಲಾರ ತಾಲ್ಲೂಕು)

ನೀರಿನ ಗುಣಮಟ್ಟದ ಜಗಳ ಇದ್ದೇ ಇದೆ, 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಿಟ್ಟ ಕೆಲವೇ ದಿನಕ್ಕೆ ನೊರೆ ಎದ್ದು ಕೋರ್ಟ್ ಮೆಟ್ಟಿಲು ಹತ್ತಿದ್ದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ಕೊಡೋ ಯೋಜನೆ ಅದು, ಮೂರನೇ ಹಂತಾನೂ ಮಾಡಿ ಅಂತ ಜಿಲ್ಲೆಯವರು ಕೇಳ್ತಾನೇ ಇದಾರೆ, ಕೇಳೋದು ನ್ಯಾಯಾನೇ. ಆದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಳಕಿಗಿಂತ ಜಾಸ್ತಿ ಆಳದಲ್ಲಿದೆ ಅನ್ಸುತ್ತೆ.

ಸೂಜಿಬಾಲ, ಗಾರ್ಗೆನಿ, ಶವಲರ್, ಸ್ಪಾಟ್ ಬಿಲ್ಲು ಇವೆಲ್ಲಾ ಮುಳುಗು ಹಾಕಿ ತಿನ್ನೋ ಜಾತಿ ಅಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ ಕತ್ತು ಎಷ್ಟು ಎಟುಕುತ್ತೋ ಅಷ್ಟರಲ್ಲೇ ಮೇವು, ಇನ್ನು ಕೆಲವು ನೀರಿನ ಮೇಲ್ಮೈಯನ್ನೇ ಸೋಸಿ ತಿಂತವೆ. ಗೇಣು, ಮೊಳ ನೀರು ಇರೋ ಅಂಚು ಬೇಕು ಅವಕ್ಕೆ. ಹಿಂದೆ ನಮ್ಮ ಕೆರೆಗಳು ಮಳೆಗೆ ತುಂಬಿ, ತೂಬು ಎತ್ತಿ ಗದ್ದೆಗೆ ಬಿಟ್ಟು, ನವೆಂಬರ್ ಡಿಸೆಂಬರ್ ಹೊತ್ತಿಗೆ ಹಿಂದಕ್ಕೆ ಸರೀತಾ ಸರೀತಾ ಅಂಗಳದಲ್ಲಿ ತೆಳ್ಳನೆ ನೀರು, ಹುಲ್ಲುಬೀಜ, ಹುಳ ಬಿಟ್ಟು ಹೋಗ್ತಿದ್ವು. ಬಾತಿಗೆ ಬೇಕಾಗಿದ್ದು ಆ ಸರಿಯೋ ನೀರು. ಈಗ ಕೋಡಿ ಮಟ್ಟಕ್ಕೆ ತುಂಬಿ ನಿಂತುಬಿಟ್ರೆ, ಅದರ ಮೇಲೆ ಜೆಸಿಬಿ ಬಿಟ್ಟು ಹೂಳೆತ್ತಿ ದಡಾನ ಗೋಡೆ ತರ ಕಡಿದಾಗಿ ಮಾಡಿಬಿಟ್ರೆ, ನಾಮಕೋಳಿ, ಗುಳುಮುಳುಕ, ನೀರುಕಾಗೆ ಇವಕ್ಕೆಲ್ಲಾ ಸುಗ್ಗಿ, ಮುಳುಗಿ ತಿನ್ನೋವಲ್ವಾ, ಬಾತುಗಳು ಒಂದು ಸುತ್ತು ಹಾಕಿ ಬೇರೆ ಕಡೆ ಹೋಗ್ತವೆ. ನಿಮ್ಮೂರ ಬಾತು ಸತ್ತೇ ಹೋದ್ವು ಅಂತ ತಿಳ್ಕೋಬೇಡಿ, ಪಕ್ಕದ ಯಾವುದೋ ಸಣ್ಣ ಕುಂಟೆ, ಅರ್ಧ ತುಂಬಿದ ಕೆರೆ ನೋಡಿ, ಅಲ್ಲಿರ್ತವೆ. ಕೆರೆ ಅಭಿವೃದ್ಧಿ ಅಂತ ನಿಮ್ಮ ಪಂಚಾಯ್ತಿಲಿ ಮೀಟಿಂಗ್ ಆದ್ರೆ ಒಂದು ಮಾತು ಹೇಳಿ: ಏರಿ ಕಡೆ ಎಷ್ಟು ಬೇಕಾದ್ರೂ ಆಳ ಮಾಡ್ಕೊಳ್ಳಿ, ನೀರು ಬರೋ ಹಿಂಭಾಗದ ಅಂಗಳ ಮಾತ್ರ ಇಳಿಜಾರಾಗೇ ಬಿಡಿ. ವಾಕಿಂಗ್ ಟ್ರ್ಯಾಕು ಸುತ್ತಲೂ ಬೇಡ, ಒಂದು ಕಡೆ ಸಾಕು.

ಎಂಟನೇ ಕ್ಲಾಸ್ ಮಕ್ಕಳನ್ನ ಕೆರೆಗೆ ಹಕ್ಕಿ ನೋಡೋಕೆ ಕರ್ಕೊಂಡು ಹೋಗಬೇಕು ಅಂತಿದೀನಿ. ಹೋದ ವರ್ಷ ಕಂದವಾರ ಕೆರೆಗೆ ಹೋದ್ವಿ, ನಾವು ಹತ್ತಿರ ಹೋಗೋ ಮೊದಲೇ ಎಲ್ಲಾ ಹಾರಿಹೋದ್ವು. (ಶಿಕ್ಷಕಿ, ಚಿಕ್ಕಬಳ್ಳಾಪುರ)

ಟೀಚರ್, ಇದಕ್ಕೆ ಒಳ್ಳೇ ಪಾಠ ಆ ಜೌಗಿನ ಬೇಟೆಗಾರರ ಹತ್ರಾನೇ ಇದೆ, ಕೋವಿ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಕದ್ಕೊಳ್ಳಿ. ಮೊದಲನೇದು, ಅವರು ಹಕ್ಕಿ ಹತ್ತಿರ ಹೋಗಲ್ಲ, ಹಕ್ಕಿ ಬರೋ ದಾರಿಲಿ ಮೊದಲೇ ಹೋಗಿ ಕೂತಿರ್ತಾರೆ. ನೀವೂ ಹೊತ್ತು ಹುಟ್ಟೋ ಮೊದಲೇ ಕೆರೆ ಸೇರಿ, ಸೂರ್ಯ ನಿಮ್ಮ ಬೆನ್ನಿಗೆ ಬರೋ ದಡ ಆರಿಸ್ಕೊಳ್ಳಿ, ಇಲ್ಲಾಂದ್ರೆ ಕಾಣೋದೆಲ್ಲಾ ಕಪ್ಪು ನೆರಳು. ಎರಡನೇದು ಗಾಳಿ. ಬಾತು ಇಳಿಯೋದು ಗಾಳಿಗೆ ಎದುರಾಗಿ, ವಿಮಾನ ಇಳಿಸ್ತಾರಲ್ಲ ಹಂಗೆ. ಗಾಳಿ ಬೆನ್ನಿಗೆ ಬೀಸೋ ಹಂಗೆ ಕೂತ್ರೆ ನಿಮ್ಮ ಕಡೆ ಮುಖ ಮಾಡ್ಕೊಂಡು, ಕಾಲು ಚಾಚಿ, ರೆಕ್ಕೆ ಬಟ್ಟಲು ಮಾಡ್ಕೊಂಡು ಇಳಿಯೋದು ನೋಡೋಕೆ ಸಿಗುತ್ತೆ, ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾರೆ. ಮೂರನೇದು, ಏರಿ ಮೇಲೆ ಸಾಲಾಗಿ ನಿಲ್ಲಿಸಬೇಡಿ. ಆಕಾಶದ ಎದುರು ಮನುಷ್ಯನ ಆಕಾರ ಕಂಡ್ರೆ ಬಾತು ಕೂರಲ್ಲ, ಕೆಳಗೆ ಇಳಿದು ಜಾಲಿ ಗಿಡದ ಮರೆಯಲ್ಲಿ ಕೂರ್ಸಿ. ಯೂನಿಫಾರ್ಮಿನ ಬಿಳಿ ಅಂಗಿ ಬೇಡ, ಹಸಿರು, ಮಣ್ಣುಬಣ್ಣ ಹಾಕ್ಕೊಂಡು ಬರೋಕೆ ಹೇಳಿ. ಬಾತು ಅಷ್ಟಾಗಿ ಹೆದರೋದು ಬಣ್ಣಕ್ಕೂ ಅಲ್ಲ, ಅಲ್ಲಾಡೋದಕ್ಕೆ. ಅರ್ಧ ಗಂಟೆ ಕದಲದೆ ಕೂತ್ರೆ ತಾವಾಗೇ ಹತ್ತಿರ ಬರ್ತವೆ, ಎಂಟನೇ ಕ್ಲಾಸಿನವರನ್ನ ಅರ್ಧ ಗಂಟೆ ಕೂರಿಸೋ ವಿದ್ಯೆ ಮಾತ್ರ ನೀವೇ ನಮಗೆ ಹೇಳಿಕೊಡಬೇಕು.

ಬೈನಾಕ್ಯುಲರ್ ಕೊಳ್ಳೋದಾದ್ರೆ 8x42 ಅಂತ ಬರೆದಿರೋದು ತಗೊಳ್ಳಿ, ಜಾಸ್ತಿ ದೊಡ್ಡದು ಮಾಡಿ ತೋರಿಸೋದು ಮಕ್ಕಳ ಕೈಲಿ ನಡುಗುತ್ತೆ. ನವೆಂಬರ್ ಕೊನೆಗೆ ಹೋದ್ರೆ ಗಂಡುಗಳಿಗೆ ಬಣ್ಣ ಬರ್ತಿರುತ್ತೆ, ಗುರುತು ಸುಲಭ. ಜನವರಿಲಿ ಏಷ್ಯಾದ ನೀರುಹಕ್ಕಿ ಗಣತಿ ಅಂತ 1987ರಿಂದ ನಡೀತಾ ಇದೆ, ಊರೂರಿನ ಹವ್ಯಾಸಿಗಳು ತಮ್ಮ ತಮ್ಮ ಕೆರೆ ಎಣಿಸಿ ಕಳಿಸ್ತಾರೆ, ನಿಮ್ಮ ಸ್ಕೂಲೂ ಸೇರ್ಕೋಬಹುದು. ಹೆಬ್ಬಾತು ದಂಡು ತೋರಿಸಲೇಬೇಕು ಅಂತಿದ್ರೆ ಟೂರ್ ಹಾಕ್ಕೊಂಡು ಗದಗ ಜಿಲ್ಲೆ ಮಾಗಡಿ ಕೆರೆಗೆ ಹೋಗಿ, ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಅಲ್ಲಿ ದಂಡಿಯಾಗಿ ಸಿಗ್ತವೆ. ಅಷ್ಟು ದೂರ ಆಗಲ್ಲ ಅಂದ್ರೆ ಶಿರಾ ತಾಲ್ಲೂಕಿನ ಕಗ್ಗಲಡು, ಅಲ್ಲಿ ಬಾತಲ್ಲ, ಊರ ಹುಣಸೆ ಮರದ ಮೇಲೆ ಬಣ್ಣದ ಕೊಕ್ಕರೆ ಗೂಡು, ಅದಕ್ಕೆ ಫೆಬ್ರವರಿ ಮಾರ್ಚ್ ಸರಿಯಾದ ಟೈಮು.

ಕೆರೆ ದಡದಲ್ಲಿ ಸತ್ತ ಬಾತು ಸಿಕ್ತು. ಏನು ಮಾಡಬೇಕಿತ್ತು? (ಮಾಲೂರು)

ಒಂದೇ ಒಂದು ಸತ್ತಿದ್ರೆ ನಾಯಿನೋ ಕರೆಂಟ್ ತಂತಿನೋ ಇರಬಹುದು, ಆದ್ರೂ ಬರಿಗೈಲಿ ಮುಟ್ಟಬೇಡಿ, ಮನೆ ಕೋಳಿ ನಾಯಿಗೆ ಹಾಕಬೇಡಿ. ನಾಲ್ಕೈದು ಒಟ್ಟಿಗೆ ಬಿದ್ದಿದ್ರೆ ಅಥವಾ ಕತ್ತು ತಿರುಚ್ಕೊಂಡು ಒದ್ದಾಡ್ತಿದ್ರೆ ಪಶು ಆಸ್ಪತ್ರೆಗೆ ಅವತ್ತೇ ತಿಳಿಸಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಕಡೆ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸ್ಕೊಂಡಿತ್ತು, ಕಾಡುಬಾತುಗಳೂ ಆ ವೈರಸ್ ಹೊತ್ತು ತಿರುಗ್ತವೆ. ಕಾಲಲ್ಲಿ ಉಂಗುರ ಕಂಡ್ರೆ ಕೀಳಬೇಡಿ, ಮೊಬೈಲಲ್ಲಿ ನಂಬರ್ ಓದೋ ಹಂಗೆ ಹತ್ತಿರದಿಂದ ಫೋಟೋ ತೆಗೆದು ಅರಣ್ಯ ಇಲಾಖೆಯವರಿಗೆ ಕಳಿಸಿ, ಯಾವ ಕೆರೆ, ಯಾವ ತಾರೀಖು ಅನ್ನೋದನ್ನ ಜೊತೆಗೆ ಬರೀರಿ.